ಹೂಗಿಡ ತರುವ ಮುನ್ನ ಅದರ ಗುಣ ತಿಳಿಯಿರಿ



ಮುಂಗಾರಿನ ಮೊದಲ ಹನಿ ಬೀಳುತ್ತಿದ್ದಂತೆ ಗಿಡ ನೆಡುವ ಆಸೆ ಎಲ್ಲರಲ್ಲೂ ಚಿಗುರುತ್ತದೆ. ಈ ಬಾರಿ ಹೆಗ್ಗಡದೇವನಕೋಟೆ ತಾಲೂಕಿನ ಹಂಪಾಪುರದ ಸಹೋದರಿಯೊಬ್ಬರು ಮೂರು ಪ್ರಶ್ನೆಗಳನ್ನು ಕಳಿಸಿದ್ದಾರೆ. ಮೊದಲನೆಯದು, ಮೈಸೂರಿನ ನರ್ಸರಿಯಿಂದ ತಂದ ಹೂಗಿಡಗಳು ಒಂದು ತಿಂಗಳು ನಳನಳಿಸಿ ಆಮೇಲೆ ಒಂದೊಂದಾಗಿ ಸಾಯುವುದೇಕೆ? ಎರಡನೆಯದು, ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಸಾಲದಿದ್ದಾಗ ಗಿಡಗಳನ್ನು ಉಳಿಸಿಕೊಳ್ಳುವುದು ಹೇಗೆ? ಮೂರನೆಯದು, ಮನೆಯ ಮುಂದೆ ಬೇಲಿಯಂತೆ ಸಾಲಾಗಿ ಕಣಗಿಲೆ ನೆಡಬಹುದೇ? ಅದನ್ನು ಮೇಕೆ ಮುಟ್ಟುವುದಿಲ್ಲ, ಹೆಚ್ಚು ನೀರೂ ಬೇಡ, ವರ್ಷವೆಲ್ಲ ಹೂವು ಬಿಡುತ್ತದೆ ಎಂದು ಯಾರೋ ಹೇಳಿದ್ದಾರಂತೆ.

ಮೂರೂ ಒಳ್ಳೆಯ ಪ್ರಶ್ನೆಗಳೇ. ಆದರೆ ಮೂರನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಏಕೆಂದರೆ ಮೊದಲೆರಡರಲ್ಲಿ ತಪ್ಪಿದರೆ ಸಾಯುವುದು ಗಿಡ. ಮೂರನೆಯದರಲ್ಲಿ ತಪ್ಪಿದರೆ ಸಾಯುವುದು ಗಿಡವಲ್ಲ.

ಕಣಗಿಲೆ ಬೇಡ, ಏಕೆ?

ಕಣಗಿಲೆಯ ಬಗ್ಗೆ ಅವರಿಗೆ ಹೇಳಿದ್ದೆಲ್ಲ ನಿಜ. ಅದಕ್ಕೆ ನೀರು ಕಡಿಮೆ ಸಾಕು, ಬಿಸಿಲನ್ನು ತಡೆಯುತ್ತದೆ, ಗುಲಾಬಿ, ಬಿಳಿ, ಕೆಂಪು ಬಣ್ಣಗಳಲ್ಲಿ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಅದನ್ನು ನೆಡುವುದೂ ಇದೇ ಕಾರಣಕ್ಕೆ. ಆದರೆ ಅದರ ಎಲೆ, ಕಾಂಡ, ಹೂವು, ಬೇರು ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಒಂದು ಮೇಕೆಯ ಪ್ರಾಣ ತೆಗೆಯಲು ಒಂದು ಹಿಡಿ ಎಲೆ ಸಾಕು.

ಹಸಿ ಎಲೆ ಕಹಿಯಾದ್ದರಿಂದ ಮೇಕೆ ಸಾಮಾನ್ಯವಾಗಿ ಅದನ್ನು ಬಿಟ್ಟು ಹೋಗುತ್ತದೆ, ನಿಜ. ಅಪಾಯ ಬರುವುದು ನಾವು ಗಿಡ ಸವರಿದ ದಿನ. ಕತ್ತರಿಸಿದ ಕೊಂಬೆಗಳನ್ನು ಬೇಲಿಯ ಆಚೆ ಎಸೆಯುತ್ತೇವೆ. ಅದು ಬಾಡಿ ಬೇರೆ ಸೊಪ್ಪು, ಹುಲ್ಲಿನ ಜೊತೆ ಬೆರೆಯುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಹಸಿದ ಮೇಕೆಯೋ ದನವೋ ಆಗ ಬೇರೆ ಸೊಪ್ಪಿನ ಜೊತೆ ಅದನ್ನೂ ಮೇಯುತ್ತದೆ. ಹಂಪಾಪುರದಂತಹ ಊರುಗಳಲ್ಲಿ ಎರಡು ಮೇಕೆ, ಒಂದು ಹಸು ಎಂದರೆ ಒಂದು ಮನೆಯ ಉಳಿತಾಯ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಎಂದು ಸಾಕಿದ ಜೀವ ನಮ್ಮ ಬೇಲಿಯ ಕಸ ತಿಂದು ಸತ್ತರೆ ಆ ಮನೆಯವರ ಮುಖ ನೋಡುವುದು ಹೇಗೆ?

ನೆಟ್ಟ ಗಿಡದ ಫಲವನ್ನು ಮನುಷ್ಯರಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವರ ಪಾಲಿಗೆ ದಾನವಾಗುತ್ತದೆ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತಿದೆ. ಹಾಗಿರುವಾಗ ನಾವು ನೆಡುವ ಗಿಡ ತಿಂದ ಜೀವಕ್ಕೆ ಕೇಡಾಗಬಾರದು ಎಂಬ ಎಚ್ಚರವೂ ನಮಗಿರಬೇಕಲ್ಲವೇ?

ಈಗಾಗಲೇ ಮನೆಯಲ್ಲಿ ಕಣಗಿಲೆ ಇದ್ದರೆ ಗಾಬರಿಯಾಗಬೇಡಿ. ಸವರಿದ ಕೊಂಬೆ, ಎಲೆಗಳನ್ನು ಎಲ್ಲೆಂದರಲ್ಲಿ ಎಸೆಯದೆ ಆಳವಾದ ಗುಂಡಿಯಲ್ಲಿ ಹೂಳಿ. ಒಲೆಗೆ ಹಾಕಬೇಡಿ, ಅದರ ಹೊಗೆಯೂ ಕೆಟ್ಟದ್ದು. ಕಡ್ಡಿಯನ್ನು ಅಡಿಗೆಯಲ್ಲಾಗಲಿ, ಕಬಾಬು ಚುಚ್ಚಲಾಗಲಿ ಬಳಸಬೇಡಿ. ಗಿಡ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಮಕ್ಕಳಿರುವ ಮನೆಯಲ್ಲಿ

ಹೂಗಿಡಗಳಲ್ಲಿ ವಿಷವಿರುವುದು ಕಣಗಿಲೆ ಒಂದೇ ಅಲ್ಲ. ಅಂಬೆಗಾಲಿಡುವ ಮಗುವಿರುವ ಮನೆಯವರು ಇನ್ನೂ ಕೆಲವನ್ನು ಗುರುತಿಟ್ಟುಕೊಳ್ಳಬೇಕು.

ಹಳದಿ ಕಣಗಿಲೆ. ಗಂಟೆಯಾಕಾರದ ಹಳದಿ ಹೂ ಬಿಡುವ ಈ ಗಿಡದ ಕಾಯಿಯೊಳಗಿನ ಬೀಜ ಕಣಗಿಲೆಗಿಂತ ಕಡಿಮೆ ಅಪಾಯಕಾರಿಯಲ್ಲ. ಹಸಿರು ಕಾಯಿ ನೋಡಲು ಆಟದ ಸಾಮಾನಿನಂತಿರುವುದರಿಂದ ಮಕ್ಕಳು ಬೇಗ ಕೈಗೆತ್ತಿಕೊಳ್ಳುತ್ತವೆ.

ಡಿಫನ್‌ಬೇಕಿಯಾ. ಹಸಿರು ಎಲೆಯ ಮೇಲೆ ಬಿಳಿ ಮಚ್ಚೆಗಳಿರುವ, ಹಾಲ್‌ನ ಮೂಲೆಯಲ್ಲಿಡುವ ಗಿಡ ಇದು. ಇದರ ರಸದಲ್ಲಿ ಸೂಜಿಯಂತಹ ಹರಳುಗಳಿವೆ. ಮಗು ಎಲೆ ಕಚ್ಚಿದರೆ ಬಾಯಿ, ನಾಲಿಗೆ ಉರಿದು ಊದಿಕೊಂಡು ಮಾತೇ ಹೊರಡದಂತಾಗುತ್ತದೆ. ಮನಿಪ್ಲಾಂಟ್‌ನಲ್ಲಿಯೂ ಇಂತಹ ಹರಳುಗಳಿರುತ್ತವೆ. ಇವೆರಡನ್ನೂ ಮಗುವಿನ ಕೈಗೆಟುಕದ ಎತ್ತರದಲ್ಲಿಡಿ.

ಗುಲಗಂಜಿ ಮತ್ತು ಹರಳು. ಬೇಲಿಯ ಮೇಲೆ ಹಬ್ಬುವ ಗುಲಗಂಜಿಯ ಕೆಂಪು ಕಪ್ಪು ಬೀಜ, ಅಂದಕ್ಕೆಂದು ಬೆಳೆಸುವ ಕೆಂಪೆಲೆಯ ಹರಳು ಗಿಡದ ಬೀಜ ಎರಡೂ ಜಗಿದು ನುಂಗಿದರೆ ಪ್ರಾಣಕ್ಕೆ ಅಪಾಯ.

ಉಮ್ಮತ್ತಿ. ತುತ್ತೂರಿಯಂತೆ ಜೋತು ಬೀಳುವ ದೊಡ್ಡ ಹೂವಿನ ಅಲಂಕಾರದ ಜಾತಿಯೂ ಇದೇ ಬಳಗದ್ದು. ಎಲೆ, ಹೂವು, ಬೀಜ ಎಲ್ಲವೂ ವಿಷ.

ಮಗು ಇಂತಹದ್ದೇನನ್ನಾದರೂ ಬಾಯಿಗೆ ಹಾಕಿದ್ದು ಕಂಡರೆ ಬಾಯಲ್ಲಿರುವುದನ್ನು ತೆಗೆದು ನೀರಿನಿಂದ ತೊಳೆಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಮನೆಮದ್ದು ಹುಡುಕುತ್ತಾ ಸಮಯ ಕಳೆಯಬೇಡಿ. ಆ ಗಿಡದ ಒಂದು ರೆಂಬೆಯನ್ನು ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ, ಇಲ್ಲವೇ 108ಕ್ಕೆ ಕರೆ ಮಾಡಿ. ತಿಂದದ್ದು ಯಾವ ಗಿಡ ಎಂದು ವೈದ್ಯರಿಗೆ ಗೊತ್ತಾದರೆ ಅರ್ಧ ಕೆಲಸ ಆದಂತೆ. ಜಾನುವಾರಿನ ವಿಷಯದಲ್ಲೂ ಅಷ್ಟೇ, ಗಿಡ ತೋರಿಸಿ ಪಶುವೈದ್ಯರ ನೆರವು ಪಡೆಯಿರಿ.

ಕಾಡಿನಂಚಿನವರಿಗೆ ಇನ್ನೊಂದು ಮಾತು

ಕಬಿನಿ ಜಲಾಶಯದ ಒಂದು ದಡಕ್ಕೆ ನಾಗರಹೊಳೆ, ಇನ್ನೊಂದು ದಡಕ್ಕೆ ಬಂಡೀಪುರ. ಹೆಗ್ಗಡದೇವನಕೋಟೆ, ಸರಗೂರು ಕಡೆಯ ಮನೆಗಳಿಗೆ ಕಾಡು ದೂರದ್ದಲ್ಲ. ಆ ಕಾಡಿಗೆ ಇಂದು ದೊಡ್ಡ ಪಿಡುಗಾಗಿರುವ ಲಂಟಾನ ಹಿಂದೊಮ್ಮೆ ಉದ್ಯಾನದ ಹೂಗಿಡವಾಗಿತ್ತು ಎಂದರೆ ನಂಬುತ್ತೀರಾ? ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ಅಂದದ ಹೂವಿಗಾಗಿಯೇ ಭಾರತಕ್ಕೆ ತಂದರು. ಹಕ್ಕಿಗಳು ಅದರ ಕಪ್ಪು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದಲ್ಲಿ ಹುಲಿಗಳಿರುವ ಕಾಡುಗಳ ಶೇ. 40ಕ್ಕಿಂತ ಹೆಚ್ಚು ಪ್ರದೇಶವನ್ನು ಲಂಟಾನ ಆವರಿಸಿಕೊಂಡಿದೆ. ಅದರ ಪೊದೆಯಡಿಯಲ್ಲಿ ಹುಲ್ಲು ಬೆಳೆಯುವುದು ಕಷ್ಟ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ, ಆನೆಗಳಿಗೆ ಮೇವು ಕಡಿಮೆ. ಅದರ ಎಲೆ ತಿಂದ ದನಕ್ಕೆ ಯಕೃತ್ತಿನ ತೊಂದರೆಯಾಗಿ ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಲಂಟಾನವನ್ನು ಬೇರು ಸಮೇತ ಕೀಳುವುದು ಎಷ್ಟು ಕಷ್ಟವೆಂದರೆ, ಕೊನೆಗೆ ಅದನ್ನೇ ಬಳಸಿಕೊಳ್ಳುವ ದಾರಿ ಹುಡುಕಬೇಕಾಯಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಗಳಿಂದ ಕುರ್ಚಿ, ಮೇಜು, ಬುಟ್ಟಿ ಮಾಡುತ್ತಾರೆ. ನೀಲಗಿರಿಯ ಗೂಡಲೂರು ಕಡೆಯ ಬುಡಕಟ್ಟು ಕುಶಲಕರ್ಮಿಗಳು ಲಂಟಾನದಿಂದಲೇ ಮಾಡಿದ ನಿಜಗಾತ್ರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು.

ಹಳದಿ ಹೂಗೊಂಚಲಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರದ ಕಥೆಯೂ ಹೀಗೆಯೇ. ನೆರಳಿಗೆ, ಅಂದಕ್ಕೆ ಎಂದು ನೆಟ್ಟ ಈ ಮರ ಇಂದು ವಯನಾಡು, ನಾಗರಹೊಳೆ, ಬಂಡೀಪುರ ಕಾಡುಗಳಲ್ಲಿ ಹಬ್ಬಿ ನಿಂತಿದೆ. ಕಡಿದರೆ ಬುಡದಿಂದ ಮತ್ತೆ ಹತ್ತಾರು ಚಿಗುರು ಬರುತ್ತವೆ. ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ಮೊದಲು ಕೊಳದ ಅಲಂಕಾರಕ್ಕೆ ತಂದದ್ದು. ಈಗ ಕೆರೆಗಳನ್ನೇ ಮುಚ್ಚುತ್ತಿದೆ.

ಹಾಗೆಂದು ಹೊರಗಿನಿಂದ ಬಂದ ಗಿಡವೆಲ್ಲ ಕೆಟ್ಟದ್ದೆಂದು ತಿಳಿಯಬೇಡಿ. ಹೈದರಾಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದರು. ಟಿಪ್ಪು ಸುಲ್ತಾನರು ಹೊರದೇಶಗಳಿಂದ ಸಸಿ, ಬೀಜ ತರಿಸಿ ಅದನ್ನು ಬೆಳೆಸಿದರು. ನಮ್ಮ ಅಂಗಳದ ಚೆಂಡುಹೂವು ಮೆಕ್ಸಿಕೋ ಕಡೆಯದು, ಕಾಗದದ ಹೂವು ಎನ್ನುವ ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ಇವು ಇಷ್ಟು ವರ್ಷಗಳಿಂದ ನೆಟ್ಟಲ್ಲಿಯೇ ಇವೆ, ಕಾಡಿಗೆ ನುಗ್ಗಿ ಯಾರ ಮೇವನ್ನೂ ಕಸಿದಿಲ್ಲ. ಆದ್ದರಿಂದ ನರ್ಸರಿಯಲ್ಲಿ ಗಿಡದ ಬೆಲೆ ಕೇಳುವಾಗ ಇನ್ನೆರಡು ಪ್ರಶ್ನೆ ಕೇಳಿ. ಇದನ್ನು ಮೇಕೆ, ಮಗು ತಿಂದರೆ ಏನಾಗುತ್ತದೆ? ಇದರ ಬೀಜ ಹಕ್ಕಿಯಿಂದ, ಗಾಳಿಯಿಂದ ಹರಡುತ್ತದೆಯೇ? ಬಣ್ಣ ಬಣ್ಣದ ಲಂಟಾನ ಈಗಲೂ ಕುಂಡಗಳಲ್ಲಿ ಮಾರಾಟಕ್ಕೆ ಬರುತ್ತದೆ. ಕಾಡಿನಂಚಿನ ಮನೆಯವರು ಅದನ್ನು ತರದಿರುವುದೇ ಒಳ್ಳೆಯದು.

ಹಾಗಾದರೆ ಯಾವುದನ್ನು ನೆಡಬೇಕು?

ಬೇಲಿಗೆ ಮದರಂಗಿಯಷ್ಟು ಒಳ್ಳೆಯ ಗಿಡ ಇನ್ನೊಂದಿಲ್ಲ. ಬರವನ್ನು ತಡೆಯುತ್ತದೆ, ಸವರಿದಷ್ಟೂ ದಟ್ಟವಾಗುತ್ತದೆ, ಸಣ್ಣ ಹೂವಿಗೆ ಒಳ್ಳೆಯ ಸುವಾಸನೆಯಿದೆ. ಹಬ್ಬಕ್ಕೆ, ಮದುವೆಗೆ ಮನೆಯ ಎಲೆಯನ್ನೇ ಅರೆದು ಹಚ್ಚಿಕೊಳ್ಳಬಹುದು. ಅಂಗಡಿಯ ಕೋನ್‌ಗಳಲ್ಲಿ ಬಣ್ಣ ಕಪ್ಪಾಗಲೆಂದು ಬೆರೆಸುವ ರಾಸಾಯನಿಕದಿಂದ ಕೈ ಬೊಕ್ಕೆ ಏಳುವ ಭಯವೂ ಇಲ್ಲ. ಒಂದೂವರೆ ಅಡಿ ಅಂತರದಲ್ಲಿ ಕಡ್ಡಿ ನೆಟ್ಟು ಮೊದಲ ವರ್ಷ ಮೇಕೆಯಿಂದ ಕಾಪಾಡಿದರೆ ಆಮೇಲೆ ಅದು ತನ್ನನ್ನು ತಾನು ನೋಡಿಕೊಳ್ಳುತ್ತದೆ.

ಪೂರ್ತಿ ಬಿಸಿಲು ಬೀಳುವ ಜಾಗಕ್ಕೆ ಬೋಗನ್‌ವಿಲ್ಲಾ, ದಾಸವಾಳ, ಗುಲಾಬಿ, ಕೇಪಳ, ಚೆಂಡುಹೂವು. ಬೆಳಗಿನ ಬಿಸಿಲು ಮಾತ್ರ ಬೀಳುವಲ್ಲಿ ಕನಕಾಂಬರ. ಕಿಟಕಿಯ ಪಕ್ಕ ಮಲ್ಲಿಗೆ, ಅಂಗಳದ ಮೂಲೆಯಲ್ಲಿ ಪಾರಿಜಾತ. ಗ್ರಿಲ್‌ಗೆ ಹಬ್ಬಿಸಲು ಶಂಖಪುಷ್ಪ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮೈಸೂರು ಮಲ್ಲಿಗೆ ನಮ್ಮ ಜಿಲ್ಲೆಯ ಹೆಮ್ಮೆ. ಅದರ ಒಂದು ಬಳ್ಳಿಯಾದರೂ ಮನೆಯಲ್ಲಿರಲಿ.

ತಂದ ಗಿಡ ಸಾಯುವುದೇಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ನರ್ಸರಿಯಲ್ಲಿ ಗಿಡ ಹಸಿರು ನೆರಳುಪರದೆಯ ಕೆಳಗೆ, ದಿನವೂ ನೀರು ಗೊಬ್ಬರ ಪಡೆದು ಬೆಳೆದಿರುತ್ತದೆ. ಅದನ್ನು ತಂದ ದಿನವೇ ಕಿತ್ತು ಬಿಸಿಲಲ್ಲಿ ನೆಟ್ಟರೆ ಸೊರಗುತ್ತದೆ. ಆದ್ದರಿಂದ ತಂದ ಗಿಡವನ್ನು ಒಂದು ವಾರ ಅದೇ ಚೀಲದಲ್ಲಿ ನೆರಳಿನಲ್ಲಿಡಿ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಸಿಲು ತೋರಿಸಿ. ನೆಡುವುದು ಸಂಜೆಯ ಹೊತ್ತಿನಲ್ಲಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ, ಆದರೆ ಬೇರಿನ ಸುತ್ತಲಿನ ಮಣ್ಣು ಉದುರದಂತೆ ನೋಡಿಕೊಳ್ಳಿ. ಬೇರು ಚೀಲದೊಳಗೆ ಸುತ್ತಿಕೊಂಡು ಗಂಟಾಗಿದ್ದರೆ ಮೆಲ್ಲಗೆ ಬಿಡಿಸಿ.

ಹೂವು ತುಂಬಿದ ದೊಡ್ಡ ಗಿಡಕ್ಕಿಂತ ಮೊಗ್ಗು, ಚಿಗುರು ಇರುವ ಗಟ್ಟಿ ಕಾಂಡದ ಸಣ್ಣ ಗಿಡವನ್ನೇ ಆರಿಸಿ. ಎಲೆಯ ಅಡಿಭಾಗ ತಿರುಗಿಸಿ ನೋಡಿ. ಬಿಳಿ ಹಿಟ್ಟು, ಜೇಡರ ಬಲೆಯಂತಹ ನೂಲು ಕಂಡರೆ ಬಿಟ್ಟುಬಿಡಿ. ಕಸಿ ಗುಲಾಬಿಯಾದರೆ ಕಸಿ ಕಟ್ಟಿದ ಗಂಟು ಮಣ್ಣಿನ ಮೇಲಿರಬೇಕು. ಗಂಟಿನ ಕೆಳಗಿನಿಂದ ಬರುವ ಚಿಗುರು ಕಾಡು ಗುಲಾಬಿಯದು. ಅದನ್ನು ಆಗಾಗ ಚಿವುಟಿ ತೆಗೆಯದಿದ್ದರೆ ಕೊನೆಗೆ ಅದೇ ಗಿಡವಾಗಿ ನಿಮ್ಮ ಗುಲಾಬಿ ಇಲ್ಲವಾಗುತ್ತದೆ.

ಕುಂಡದ ಮಣ್ಣಿಗೆ ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮ ಪಾಲು ಇರಲಿ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಅದರ ನುಣ್ಣನೆಯ ಪುಡಿ ತೆಗೆಯಿರಿ, ಇಲ್ಲದಿದ್ದರೆ ಮಣ್ಣು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಕುಂಡದ ತಳದ ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ತೆಂಗಿನ ನಾರು ಹಾಕಿ. ತೂತಿಲ್ಲದ ಬಕೆಟ್, ಡಬ್ಬಿಗಳಲ್ಲಿ ನೆಟ್ಟ ಗಿಡ ಮಳೆಗಾಲ ಕಳೆಯುವುದರೊಳಗೆ ಬೇರು ಕೊಳೆತು ಸಾಯುತ್ತದೆ.

ಇನ್ನೊಂದು ಮುಖ್ಯ ಮಾತು. ಮನೆಯ ಗಿಡಗಳಲ್ಲಿ ಬಾಯಾರಿ ಸಾಯುವುದಕ್ಕಿಂತ ಹೆಚ್ಚು ಸಾಯುವುದು ನೀರು ಹೆಚ್ಚಾಗಿ. ಎರಡಕ್ಕೂ ಎಲೆ ಜೋತುಬೀಳುವುದರಿಂದ ನಾವು ಬಾಡಿದ ಗಿಡಕ್ಕೆ ಮತ್ತೆ ನೀರು ಸುರಿಯುತ್ತೇವೆ. ನೀರು ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಚುಚ್ಚಿ ನೋಡಿ. ತೇವವಿದ್ದರೆ ಬೇಡ, ಒಣಗಿದ್ದರೆ ತಳದ ತೂತಿನಿಂದ ಇಳಿಯುವಷ್ಟು ಹಾಕಿ. ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿದು ಬೇಸಿಗೆಯಲ್ಲಿ ಬೇಗ ಬಾಡುತ್ತದೆ.

ಬೇಸಿಗೆಯಲ್ಲಿ ನೀರಿನ ಉಳಿತಾಯ

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಮನೆಯೊಳಗೇ ಇದೆ. ದಿನಕ್ಕೆ ಐದು ಹೊತ್ತು ವುಝೂ ಮಾಡುವ ಮನೆಯಲ್ಲಿ ನೀರು ಐದು ಹೊತ್ತೂ ಚರಂಡಿಗೆ ಹೋಗುತ್ತದೆ. ಅದರಲ್ಲಿ ಸಾಬೂನಿಲ್ಲ, ಉಪ್ಪಿಲ್ಲ, ಎಣ್ಣೆಯಿಲ್ಲ. ಹೂಗಿಡಕ್ಕೆ ಇದಕ್ಕಿಂತ ಒಳ್ಳೆಯ ನೀರು ಬೇರೆ ಬೇಕೇ? ವುಝೂ ಮಾಡುವಲ್ಲಿ ಅಗಲವಾದ ಬೇಸಿನ್ ಇಟ್ಟು ನೀರು ಹಿಡಿಯಿರಿ. ನಲ್ಲಿಯನ್ನು ಸುರಿಯಲು ಬಿಡದೆ ತಂಬಿಗೆಯಿಂದ ಮಾಡಿದರೆ ನೀರೂ ಉಳಿಯುತ್ತದೆ. ಐದಾರು ಜನರ ಮನೆಯಲ್ಲಿ ಹೀಗೆ ಸಿಗುವ ನೀರು ಹತ್ತು ಹದಿನೈದು ಕುಂಡಗಳಿಗೆ ಧಾರಾಳವಾಗಿ ಸಾಕು. ಮನೆ ಹಿತ್ತಿಲಲ್ಲಿ ವುಝೂ ಕಟ್ಟೆಯಿದ್ದರೆ ಅದರಿಂದ ಸಣ್ಣ ಕಾಲುವೆ ತೆಗೆದು ಮಲ್ಲಿಗೆಯ ಬುಡಕ್ಕೆ ಬಿಡಬಹುದು.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೂ ಅದೇ ದಿನ ಹಾಕಬಹುದು. ಹುಳಿಯಾಗಲು ಬಿಡಬೇಡಿ. ಪಾತ್ರೆ ತೊಳೆದ, ಬಟ್ಟೆ ಒಗೆದ ನೀರು ಕುಂಡಕ್ಕೆ ಬೇಡ.

ಗಿಡದ ಬುಡಕ್ಕೆ ಒಣ ಎಲೆ, ತೆಂಗಿನ ನಾರು, ಕಡಲೆಕಾಯಿ ಸಿಪ್ಪೆಯನ್ನು ಎರಡು ಅಂಗುಲ ದಪ್ಪ ಹರಡಿ. ಮಣ್ಣಿನ ತೇವ ಬೇಗ ಆರುವುದಿಲ್ಲ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಕುಂಡಗಳನ್ನು ಬಿಡಿಬಿಡಿಯಾಗಿಡದೆ ಒಂದೆಡೆ ಗುಂಪಾಗಿಡಿ. ತಾರಸಿಯ ಕಾದ ಸಿಮೆಂಟಿನ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆಯ ಮೇಲಿಡಿ. ಶೀಟಿನ ಮನೆಯವರು ಗೋಡೆಗೆ ತಾಗಿಸಿ ಇಡಬೇಡಿ, ಆ ಬಿಸಿಗೆ ಗಿಡ ಬೇಯುತ್ತದೆ.

ನಾಲ್ಕು ದಿನ ತವರಿಗೋ ಮದುವೆಗೋ ಹೋಗುವುದಿದ್ದರೆ ಒಂದು ಬಕೆಟ್ ನೀರನ್ನು ಕುಂಡಗಳಿಗಿಂತ ಸ್ವಲ್ಪ ಎತ್ತರದಲ್ಲಿಟ್ಟು ಹಳೆಯ ಹತ್ತಿಬಟ್ಟೆಯ ಪಟ್ಟಿಯ ಒಂದು ತುದಿಯನ್ನು ಬಕೆಟ್‌ಗೆ, ಇನ್ನೊಂದನ್ನು ಮಣ್ಣಿಗೆ ಸೇರಿಸಿ. ಬಟ್ಟೆ ನೀರನ್ನು ಹೀರಿ ನಿಧಾನವಾಗಿ ಕೊಡುತ್ತಿರುತ್ತದೆ. ಬಕೆಟ್‌ಗೆ ಬಟ್ಟೆ ಕಟ್ಟಿ ಮುಚ್ಚುವುದನ್ನು ಮರೆಯಬೇಡಿ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತದೆ. ದಾಸವಾಳ, ಕೇಪಳದ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ರೋಗವಲ್ಲ, ಮಣ್ಣಿನಲ್ಲಿ ಕಬ್ಬಿಣಾಂಶವಿದ್ದರೂ ಗಿಡಕ್ಕೆ ಸಿಗುತ್ತಿಲ್ಲ ಎಂಬ ಗುರುತು. ಮಳೆಗಾಲದಲ್ಲಿ ಕುಂಡಗಳನ್ನು ಮಳೆಗೆ ಒಡ್ಡಿದರೆ ಕಟ್ಟಿದ ಉಪ್ಪು ತೊಳೆದುಹೋಗುತ್ತದೆ. ಒಂದು ಡ್ರಮ್ಮಿನಲ್ಲಿ ಮಳೆನೀರು ಹಿಡಿದು ಮುಚ್ಚಿಟ್ಟು ಈ ಎರಡು ಗಿಡಗಳಿಗೆ ಬಳಸಿ.

ಗೊಬ್ಬರ, ಕೀಟ

ಹಸಿ ಸಗಣಿ, ಹಸಿ ಮೇಕೆ ಹಿಕ್ಕೆ, ಕೋಳಿ ಗೊಬ್ಬರವನ್ನು ನೇರವಾಗಿ ಹಾಕಿದರೆ ಬೇರು ಸುಡುತ್ತದೆ. ಎಲ್ಲವನ್ನೂ ಕಳಿಸಿ, ಮಣ್ಣಿನ ವಾಸನೆ ಬಂದ ಮೇಲೆ ಬಳಸಿ. ಚಹಾ ಚರಟವನ್ನು ಸಕ್ಕರೆ, ಹಾಲು ಹೋಗುವಂತೆ ತೊಳೆದು ಒಣಗಿಸಿ ಹಾಕಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ. ಮೊಟ್ಟೆಯ ಸಿಪ್ಪೆಯನ್ನು ನುಣ್ಣಗೆ ಪುಡಿ ಮಾಡಿ ಹಾಕಿ. ಗುಲಾಬಿಗೆ ಮಾಂಸ ತೊಳೆದ ನೀರು ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಹಾಕುವುದಾದರೆ ನಾಲ್ಕೈದು ಪಟ್ಟು ನೀರು ಬೆರೆಸಿ, ತಿಂಗಳಿಗೊಮ್ಮೆ ಮಾತ್ರ ಹಾಕಿ, ಮೇಲೆ ಮಣ್ಣು ಮುಚ್ಚಿ. ಇಲ್ಲದಿದ್ದರೆ ನೊಣ, ಇರುವೆ, ನಾಯಿಗಳಿಗೆ ಆಹ್ವಾನ ಕೊಟ್ಟಂತೆ. ಉಪ್ಪು ಮಸಾಲೆ ಬೆರೆತ ನೀರಂತೂ ಬೇಡವೇ ಬೇಡ.

ಕನಕಾಂಬರ ಕಾರಣವಿಲ್ಲದೆ ಸೊರಗಿದರೆ ಕಿತ್ತು ಬೇರು ನೋಡಿ. ಗಂಟುಗಳಿದ್ದರೆ ಅದು ಜಂತುಹುಳದ ಕಾಟ. ನೆಡುವಾಗಲೇ ಪ್ರತಿ ಗಿಡಕ್ಕೂ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಈ ತೊಂದರೆ ಕಡಿಮೆ. ದಾಸವಾಳಕ್ಕೆ ಬರುವ ಬಿಳಿ ಹಿಟ್ಟುತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸಾಬೂನು ನೀರಿನಿಂದ ಉಜ್ಜಿ ತೆಗೆಯಿರಿ. ಬಳಿಕ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಬೇವಿನೆಣ್ಣೆ, ಸ್ವಲ್ಪ ಸಾಬೂನು ಕದಡಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ವಾರ ಮಾಡಿ.

ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಹೊಗೆಸೊಪ್ಪು ಸುಲಭವಾಗಿ ಸಿಗುವುದರಿಂದ ಅದರ ಕಷಾಯವನ್ನು ಗಿಡಕ್ಕೆ ಹೊಡೆಯುವವರಿದ್ದಾರೆ. ಕೀಟ ಸಾಯುತ್ತದೆ ನಿಜ. ಆದರೆ ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ. ಗರ್ಭಿಣಿಯರು, ಮಕ್ಕಳಿರುವ ಮನೆಯಲ್ಲಿ, ಮುಡಿಯುವ ಹೂವಿನ ಮೇಲೆ ಅದು ಬೇಡ.

ಕುಂಡದ ಕೆಳಗಿನ ತಟ್ಟೆಯನ್ನು ಮರೆಯಬೇಡಿ

ಡೆಂಗಿ ಹರಡುವ ಸೊಳ್ಳೆ ಚರಂಡಿಯಲ್ಲಲ್ಲ, ಮನೆಯ ಶುಭ್ರ ನೀರಿನಲ್ಲಿ ಬೆಳೆಯುತ್ತದೆ. ಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟ್ ಇಟ್ಟ ಬಾಟಲಿ, ಹಿತ್ತಿಲಲ್ಲಿ ಬಿದ್ದ ಒಡೆದ ಕುಂಡ ಇವೇ ಅದರ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಜುಮಾದ ದಿನ ಮನೆ ಶುಚಿ ಮಾಡುವಾಗಲೇ ಈ ತಟ್ಟೆ, ಬಾಟಲಿಗಳ ನೀರು ಚೆಲ್ಲಿ, ಒಳಭಾಗವನ್ನು ಉಜ್ಜಿ ತೊಳೆಯಿರಿ. ಬರೀ ಚೆಲ್ಲಿದರೆ ಸಾಲದು, ಮೊಟ್ಟೆ ಬದಿಗೆ ಅಂಟಿಕೊಂಡಿದ್ದು ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಮಳೆಗಾಲದಲ್ಲಿ ತಟ್ಟೆಗಳನ್ನು ತೆಗೆದಿಡುವುದೇ ಉತ್ತಮ.

ವರ್ಷದ ಕೆಲಸ

ಜೂನ್, ಜುಲೈ: ನೆಡುವ ಕಾಲ. ದಾಸವಾಳ, ಮದರಂಗಿ, ಬೋಗನ್‌ವಿಲ್ಲಾಕ್ಕೆ ಹಣ ಕೊಡಬೇಕಿಲ್ಲ. ಪಕ್ಕದ ಮನೆಯ ಖಾಲಾ ಸವರಿದ ಗಿಡದಿಂದ ಪೆನ್ಸಿಲ್ ದಪ್ಪದ, ಗೇಣುದ್ದದ, ಮೂರು ನಾಲ್ಕು ಗಿಣ್ಣಿರುವ ಕಡ್ಡಿ ತನ್ನಿ. ಕೆಳತುದಿ ಓರೆಯಾಗಿ ಕತ್ತರಿಸಿ, ಅರ್ಧದಷ್ಟು ಮಣ್ಣಿಗೆ ಹೂತು ನೆರಳಲ್ಲಿಡಿ. ಚಿಗುರು ಬಂತೆಂದು ಕಿತ್ತು ನೋಡಬೇಡಿ. ಬೇರು ಬರಲು ತಿಂಗಳು ಒಂದೂವರೆ ತಿಂಗಳು ಬೇಕು. ಮಲ್ಲಿಗೆಯ ಬಳ್ಳಿಯನ್ನು ಬಗ್ಗಿಸಿ ಒಂದು ಗಿಣ್ಣನ್ನು ಮಣ್ಣಿನಲ್ಲಿ ಮುಚ್ಚಿ ಕಲ್ಲಿಟ್ಟರೆ ಅಲ್ಲೇ ಬೇರು ಬರುತ್ತದೆ.

ಆಗಸ್ಟ್, ಸೆಪ್ಟೆಂಬರ್: ಬಸವನಹುಳುಗಳನ್ನು ಸಂಜೆ ಕೈಗೆ ಚೀಲ ಹಾಕಿಕೊಂಡು ಆರಿಸಿ. ಅವುಗಳ ಮೇಲೆ ಉಪ್ಪು ಸುರಿದರೆ ಕುಂಡದ ಮಣ್ಣೇ ಕೆಡುತ್ತದೆ. ಸೇವಂತಿಗೆಯ ಕುಂಡವನ್ನು ರಾತ್ರಿಯಿಡೀ ಬಲ್ಬ್ ಉರಿಯುವ ಜಗಲಿಯಿಂದ ದೂರವಿಡಿ. ಉದ್ದನೆಯ ಕತ್ತಲೆ ಸಿಕ್ಕಿದರೆ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ಬರೀ ಎಲೆ, ಹೂವೇ ಇಲ್ಲ ಎನ್ನುವವರು ಮೊದಲು ಬೀದಿ ದೀಪ ಎಲ್ಲಿದೆ ನೋಡಿ.

ಅಕ್ಟೋಬರ್, ನವೆಂಬರ್: ಹಿಂಗಾರು ಇಳಿದ ಮೇಲೆ ಗುಲಾಬಿಯ ಒಣಗಿದ, ಒಳಮುಖವಾಗಿ ಬೆಳೆದ ಕೊಂಬೆಗಳನ್ನು ಹರಿತವಾದ ಕತ್ತರಿಯಿಂದ ಸವರಿ, ಹೊರಮುಖವಾದ ಮೊಗ್ಗಿನ ಮೇಲೆ ಓರೆಯಾಗಿ ಕತ್ತರಿಸಿ. ಬುಡ ಬಿಡಿಸಿ ಗೊಬ್ಬರ ಕೊಡಿ.

ಡಿಸೆಂಬರ್: ಮಲ್ಲಿಗೆಗೆ ಕೆಲವು ದಿನ ನೀರು ಕಡಿಮೆ ಮಾಡಿ, ಸವರಿ, ಹಳೆಯ ಎಲೆ ತೆಗೆದು ಗೊಬ್ಬರ ಹಾಕಿ. ಹೊಸ ಚಿಗುರಿನ ತುದಿಯಲ್ಲೇ ಬೇಸಿಗೆಯ ಮೊಗ್ಗು ಬರುವುದು. ಸವರಲು ಅಂಜಿದರೆ ಬಳ್ಳಿ ಉದ್ದವಾಗುತ್ತದೆ, ಹೂವು ಕಡಿಮೆಯಾಗುತ್ತದೆ.

ಫೆಬ್ರವರಿಯಿಂದ ಮೇ: ಹೊಸ ಗಿಡ ಬೇಡ. ಇರುವುದನ್ನು ಉಳಿಸಿಕೊಳ್ಳುವ ಕಾಲ ಇದು. ಬುಡಕ್ಕೆ ಹೊದಿಕೆ, ಬೆಳಿಗ್ಗೆ ಇಲ್ಲವೇ ಸಂಜೆ ನೀರು, ಮಧ್ಯಾಹ್ನದ ಬಿಸಿಲಿಗೆ ಹಳೆಯ ಸೀರೆಯ ಮರೆ.

ಹಂಪಾಪುರದ ಸಹೋದರಿ ಈ ಮಳೆಗಾಲದಲ್ಲಿ ಕಣಗಿಲೆಯ ಬದಲು ಮದರಂಗಿಯ ಕಡ್ಡಿಗಳನ್ನು ನೆಡಲಿ. ಬೇರೆ ಊರಿನ ಸಹೋದರಿಯರೂ ತಮ್ಮ ಅಂಗಳದಲ್ಲಿ ಒಂದು ಸುತ್ತು ಹಾಕಿ, ಯಾವ ಗಿಡ ಎಲ್ಲಿದೆ, ಅದರ ಹೆಸರೇನು, ಗುಣವೇನು ಎಂದು ಮಕ್ಕಳಿಗೆ ತೋರಿಸಿ ಹೇಳಿಕೊಡಿ. ಮುಟ್ಟಬಾರದ ಗಿಡ ಯಾವುದೆಂದು ತಿಳಿದ ಮಗು ಅದನ್ನು ಬಾಯಿಗೆ ಹಾಕುವುದಿಲ್ಲ, ತಮ್ಮ ತಂಗಿಯರಿಗೂ ಹಾಕಲು ಬಿಡುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಗುಲಾಬಿ ಕಸಿ ಕಟ್ಟುವ ವಿಧಾನವನ್ನು ನೋಡೋಣ.